ಹೊರಡುವ ಮುನ್ನ ಎರಡು ಗಂಟೆ

ನಿಮ್ಮ ವಿದ್ಯಾರ್ಥಿಯೊಬ್ಬ ಪರೀಕ್ಷೆಗೆ ಕೂರಲಿದ್ದಾನೆ ಎಂದುಕೊಳ್ಳಿ. ಪ್ರಶ್ನೆಪತ್ರಿಕೆ ಎರಡು ಗಂಟೆ ಮೊದಲೇ ನಿಮ್ಮ ಕೈಗೆ ಬರುತ್ತದೆ. ಆದರೆ ಗಂಟೆ ಬಾರಿಸಿದ ಮೇಲೆ ನೀವು ಅವನಿಗೆ ಒಂದು ಕಣ್ಸನ್ನೆಯನ್ನೂ ಮಾಡುವಂತಿಲ್ಲ. ಆ ಎರಡು ಗಂಟೆಗಳಲ್ಲಿ ನೀವೇನು ಮಾಡುವಿರಿ? ಪ್ರತಿಯೊಂದು ಪ್ರಶ್ನೆಗೂ ಉತ್ತರ ಬರೆದು ಬಾಯಿಪಾಠ ಮಾಡಿಸುವಿರೋ, ಇಲ್ಲವೆ ಅವನು ಈವರೆಗೆ ಕಲಿತದ್ದನ್ನು ನಂಬಿ ಸುಮ್ಮನಿರುವಿರೋ?

2005ರ ಅಕ್ಟೋಬರ್ 8ರ ಬೆಳಗಿನ ಜಾವ, ಅಮೆರಿಕದ ನೆವಾಡ ರಾಜ್ಯದ ಪ್ರಿಮ್ ಎಂಬ ಪುಟ್ಟ ಊರಿನ ಬಳಿ 23 ತಂಡಗಳು ಇಂಥದೇ ಸ್ಥಿತಿಯಲ್ಲಿದ್ದವು. ಅವುಗಳ 'ವಿದ್ಯಾರ್ಥಿ'ಗಳು ಚಾಲಕರಿಲ್ಲದ ವಾಹನಗಳು. ಮುಂದಿದ್ದುದು ಮೊಹಾವಿ ಮರುಭೂಮಿಯ ಸುಮಾರು 212 ಕಿ.ಮೀ. ಕಚ್ಚಾ ದಾರಿ. ಅದನ್ನು ಹತ್ತು ಗಂಟೆಗಳೊಳಗೆ ಎಲ್ಲರಿಗಿಂತ ಬೇಗ ಕ್ರಮಿಸಿದ ವಾಹನದ ತಂಡಕ್ಕೆ 20 ಲಕ್ಷ ಡಾಲರ್ ಬಹುಮಾನ.

ಈ ಓಟವನ್ನು ಏರ್ಪಡಿಸಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ. 2015ರ ಹೊತ್ತಿಗೆ ಸೇನೆಯ ನೆಲದ ಯುದ್ಧವಾಹನಗಳಲ್ಲಿ ಮೂರನೆಯ ಒಂದು ಭಾಗ ಮಾನವರಹಿತವಾಗಿರಬೇಕೆಂಬ ಗುರಿಯನ್ನು ಅಲ್ಲಿನ ಸಂಸತ್ತು ಇರಿಸಿತ್ತು. (ಆ ಗುರಿ ಈಡೇರಲಿಲ್ಲ. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸಿಗಾಗಿ ಇಂಥ ಬಹುಮಾನ ಯಾರೂ ಘೋಷಿಸಲಿಲ್ಲ ಎಂಬುದನ್ನೂ ಗಮನಿಸಿ.) ಮೊದಲ ಓಟ ನಡೆದದ್ದು 2004ರ ಮಾರ್ಚ್ 13ರಂದು. ಆಗ 15 ವಾಹನಗಳು ಸ್ಪರ್ಧೆಗೆ ನಿಂತವು, ಒಂದೂ ಗುರಿ ಮುಟ್ಟಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಸ್ಯಾಂಡ್‌ಸ್ಟಾರ್ಮ್' ಎಲ್ಲಕ್ಕಿಂತ ದೂರ ಹೋಯಿತು. ಆ ದೂರವಾದರೂ 12 ಕಿ.ಮೀ.ಗಿಂತ ಕಡಿಮೆ. ಪತ್ರಿಕೆಗಳು ನಕ್ಕವು. ಡಾರ್ಪಾ ಬಹುಮಾನದ ಮೊತ್ತವನ್ನು ಎರಡರಷ್ಟು ಮಾಡಿತು.

ಎರಡನೆಯ ಓಟಕ್ಕೆ 195 ತಂಡಗಳು ಹೆಸರು ನೋಂದಾಯಿಸಿದವು. ಅವುಗಳಲ್ಲಿ ಎರಡರ ಸಿದ್ಧತೆಯನ್ನಷ್ಟೇ ಇಲ್ಲಿ ನೋಡೋಣ.

ಕಾರ್ನೆಗಿ ಮೆಲನ್‌ನ 'ರೆಡ್ ಟೀಮ್'ನ ನಾಯಕ ವಿಲಿಯಂ ವಿಟ್ಟೇಕರ್. ತಾಂತ್ರಿಕ ಹೊಣೆ ಕ್ರಿಸ್ ಅರ್ಮ್‌ಸನ್ ಅವರದು. ಇವರ ಬಳಿ ಎರಡು ವಾಹನಗಳಿದ್ದವು: ಹಳೆಯ ಸೇನಾ ವಾಹನ ಹಮ್ವಿಯಿಂದ ರೂಪಿಸಿದ ಸ್ಯಾಂಡ್‌ಸ್ಟಾರ್ಮ್, ಹಮ್ಮರ್‌ನಿಂದ ರೂಪಿಸಿದ 'ಹೈಲ್ಯಾಂಡರ್'. ದಾರಿಯನ್ನು ಮೊದಲೇ ಅರಿತಷ್ಟೂ ಒಳ್ಳೆಯದೆಂಬುದು ಇವರ ನಂಬಿಕೆ. ದಾರಿಯ ವಿವರ ಸಿಗುವುದು ಎರಡು ಗಂಟೆ ಮೊದಲಾದರೂ ಓಟ ನಡೆಯುವ ಪ್ರದೇಶವನ್ನು ಊಹಿಸಬಹುದಿತ್ತು. ಹಾಗಾಗಿ ಉಪಗ್ರಹ ಮತ್ತು ವೈಮಾನಿಕ ಚಿತ್ರಗಳನ್ನು ಕಲೆಹಾಕಿ ನಕ್ಷೆಗಳನ್ನು ಸಿದ್ಧಮಾಡಿಕೊಂಡರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ನಾಯಕ ಸೆಬಾಸ್ಟಿಯನ್ ಥ್ರುನ್. ವಾಹನ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಟೂರೆಗ್. ಅದಕ್ಕಿಟ್ಟ ಹೆಸರು 'ಸ್ಟ್ಯಾನ್ಲಿ'. ಚಾವಣಿಯ ಮೇಲೆ ಐದು ಲೇಸರ್ ದೂರಮಾಪಕಗಳು, ಒಂದು ಕ್ಯಾಮೆರಾ, ರೇಡಾರ್; ಹಿಂದಿನ ಡಿಕ್ಕಿಯಲ್ಲಿ ಆರು ಕಂಪ್ಯೂಟರ್‌ಗಳು. ಇವರು ಒತ್ತು ಕೊಟ್ಟದ್ದು ನಕ್ಷೆಗಲ್ಲ, ಕಲಿಕೆಗೆ.

ಲೇಸರ್ ಕಿರಣ ಮುಂದಿನ ನೆಲವನ್ನು ಮುಟ್ಟಿ ಮರಳುವ ಕಾಲದಿಂದ ದೂರ ತಿಳಿಯುತ್ತದೆ. ದೂರ ಮತ್ತು ಕೋನದಿಂದ ಎತ್ತರ. ಕಲ್ಲಿದ್ದರೆ ಎತ್ತರ ಹೆಚ್ಚು. ಸರಳವಾಗಿ ಕಾಣುತ್ತದೆ, ಅಲ್ಲವೆ? ಆದರೆ ವಾಹನ ಕುಲುಕುತ್ತಿರುತ್ತದೆ. ಅದರ ಮೂತಿ ಅರ್ಧ ಡಿಗ್ರಿ ಬಾಗಿದ್ದು ಕಂಪ್ಯೂಟರಿಗೆ ತಿಳಿಯದಿದ್ದರೆ, 20 ಮೀಟರ್ ದೂರದಲ್ಲಿ ಎತ್ತರದ ಲೆಕ್ಕ ಎಷ್ಟು ತಪ್ಪುತ್ತದೆ? ಅರ್ಧ ಡಿಗ್ರಿ ಎಂದರೆ ಸುಮಾರು 0.0087 ರೇಡಿಯನ್. ಅದನ್ನು 20ರಿಂದ ಗುಣಿಸಿ: ಸುಮಾರು 17 ಸೆಂ.ಮೀ. ಚಪ್ಪಟೆ ನೆಲದ ಮೇಲೆ ಒಂದು ದಪ್ಪ ಕಲ್ಲು ಹುಟ್ಟಿಕೊಂಡಿತು! ವಾಹನ ಬ್ರೇಕ್ ಹಾಕುತ್ತದೆ, ಇಲ್ಲವೆ ಇಲ್ಲದ ಕಲ್ಲನ್ನು ತಪ್ಪಿಸಲು ಹೋಗಿ ದಾರಿ ಬಿಡುತ್ತದೆ.

ಈ ಭ್ರಮೆಯನ್ನು ಕಳೆಯಲು ಸ್ಟ್ಯಾನ್‌ಫರ್ಡ್‌ನವರು ಹಿಡಿದ ಉಪಾಯ ನನಗೆ ತುಂಬ ಹಿಡಿಸಿದೆ. ಮನುಷ್ಯನೊಬ್ಬ ವಾಹನವನ್ನು ಓಡಿಸಿದ. ಚಕ್ರಗಳು ಹಾದುಹೋದ ನೆಲ ಹೇಗಿದ್ದರೂ 'ಹೋಗಬಹುದಾದ ನೆಲ'ವೇ. ಅಲ್ಲಿ ಕಲ್ಲಿದೆ ಎಂದು ಲೇಸರ್ ಹೇಳಿದ್ದರೆ ಅದು ತಪ್ಪು. ಇಂಥ ಉದಾಹರಣೆಗಳ ರಾಶಿಯಿಂದ ತಂತ್ರಾಂಶ ತನ್ನ ಮಾನದಂಡಗಳನ್ನು ತಾನೇ ತಿದ್ದಿಕೊಂಡಿತು. ಸುಳ್ಳು ಅಡಚಣೆಗಳ ಪ್ರಮಾಣ ಶೇಕಡಾ 12.6ರಿಂದ 0.002ಕ್ಕೆ ಇಳಿಯಿತು. ವೇಗದ ವಿಷಯದಲ್ಲೂ ಹೀಗೆಯೇ. ಒಂದೇ ದಾರಿಯಲ್ಲಿ ವಾಹನಕ್ಕೆ ತಗಲುವ ಮೇಲು-ಕೆಳಗಿನ ಕುಲುಕಾಟ ಹೆಚ್ಚುಕಡಿಮೆ ವೇಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಅವರು ಕಂಡುಕೊಂಡರು. ಕುಲುಕಾಟ ಮಿತಿ ಮೀರಿದರೆ ವೇಗ ಇಳಿಸು, ಆಮೇಲೆ ನಿಧಾನವಾಗಿ ಏರಿಸು: ಇಷ್ಟೇ ನಿಯಮ. ಮಿತಿ ಎಷ್ಟೆಂಬುದನ್ನು ಮನುಷ್ಯ ಚಾಲಕನಿಂದ ಕಲಿತರು. 2005ರ ಬೇಸಗೆಯಲ್ಲಿ ಅರಿಜೋನಾದ ಮರುಭೂಮಿಗೆ ಹೋಗಿ ವಾಹನವನ್ನು ಮತ್ತೆ ಮತ್ತೆ ಓಡಿಸಿದರು.

ರೆಡ್ ಟೀಮ್‌ಗೆ ಸೆಪ್ಟೆಂಬರ್‌ನಲ್ಲಿ ಪೆಟ್ಟು ಬಿತ್ತು. ಓಟಕ್ಕೆ ಕೆಲವೇ ವಾರಗಳಿದ್ದಾಗ, ನೆವಾಡದ ಪರೀಕ್ಷಾ ಓಡಾಟದಲ್ಲಿ ಹೈಲ್ಯಾಂಡರ್ ಮಗುಚಿಬಿತ್ತು. ಚಾವಣಿಯ ಮೇಲಿನ ಉಪಕರಣಗಳು ಜಜ್ಜಿಹೋದವು. ತಂಡ ಹಗಲು ರಾತ್ರಿ ಎನ್ನದೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿತು. ಅರ್ಹತಾ ಸುತ್ತಿನಲ್ಲಿ ಅದು ಎಷ್ಟು ಚೆನ್ನಾಗಿ ಓಡಿತೆಂದರೆ, ಓಟದ ದಿನ ಎಲ್ಲರಿಗಿಂತ ಮೊದಲು ಹೊರಡುವ ಗೌರವ ಅದಕ್ಕೇ ಸಿಕ್ಕಿತು. ಇಂಥ ಕಷ್ಟ ಪಟ್ಟವರು ಇವರೊಬ್ಬರೇ ಅಲ್ಲ. ಲೂಯಿಸಿಯಾನದ 'ಕ್ಯಾಟ್-5' ತಂಡದ ಊರಿಗೆ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತವೇ ಅಪ್ಪಳಿಸಿತ್ತು.

ಈಗ ಆ ಎರಡು ಗಂಟೆಗಳಿಗೆ ಬರೋಣ. ಬೆಳಗಿನ ಕತ್ತಲಲ್ಲಿ ಪ್ರತಿ ತಂಡಕ್ಕೂ ದಾರಿಯ ವಿವರವಿದ್ದ ಕಡತವನ್ನು ಕೊಡಲಾಯಿತು. ಅದರಲ್ಲಿ 2,935 ಬಿಂದುಗಳ ಅಕ್ಷಾಂಶ-ರೇಖಾಂಶಗಳು. ಸರಾಸರಿ 72 ಮೀಟರಿಗೊಂದು ಬಿಂದು. ಜೊತೆಗೆ ಅಲ್ಲಲ್ಲಿನ ದಾರಿಯ ಅಗಲ ಮತ್ತು ವೇಗಮಿತಿ. ರೆಡ್ ಟೀಮ್‌ನ ಟ್ರೇಲರ್‌ನಲ್ಲಿ ಹನ್ನೆರಡಕ್ಕೂ ಹೆಚ್ಚು ಜನ ಪರದೆಗಳ ಮುಂದೆ ಕುಳಿತರು. ದಾರಿಯನ್ನು ತುಂಡುಗಳಾಗಿ ಹಂಚಿಕೊಂಡು, ಚಿತ್ರಗಳೊಡನೆ ಹೋಲಿಸಿ, ತಿರುವುಗಳನ್ನು ತಿದ್ದಿ, ಪ್ರತಿ ತುಂಡಿಗೂ ಇಷ್ಟೇ ವೇಗ ಎಂದು ನಿಗದಿಮಾಡಿದರು. ಒಬ್ಬರು ತಿದ್ದಿದ್ದನ್ನು ಮತ್ತೊಬ್ಬರು ಪರಿಶೀಲಿಸಿದರು. ಹೈಲ್ಯಾಂಡರ್‌ಗೆ ಬಿರುಸಿನ ವೇಗ, ಸ್ಯಾಂಡ್‌ಸ್ಟಾರ್ಮ್‌ಗೆ ಎಚ್ಚರಿಕೆಯ ವೇಗ: ಒಂದು ಮುಗ್ಗರಿಸಿದರೆ ಇನ್ನೊಂದು ಇರಲಿ ಎಂಬ ಲೆಕ್ಕಾಚಾರ. ಸ್ಟ್ಯಾನ್‌ಫರ್ಡ್‌ನವರು ದಾರಿಯನ್ನು ಕೈಯಿಂದ ತಿದ್ದಲೇ ಇಲ್ಲ. ಅವರ ಕಂಪ್ಯೂಟರ್ ಬಿಂದುಗಳ ಮೂಲೆಗಳನ್ನು ನಯಗೊಳಿಸಿ ವಾಹನಕ್ಕೆ ಒಪ್ಪಿಸಿತು.

ಸ್ಟ್ಯಾನ್ಲಿ ಗೆದ್ದದ್ದನ್ನು ನೀವು ಕೇಳಿರಬಹುದು. ಅದು ತೆಗೆದುಕೊಂಡ ಕಾಲ 6 ಗಂಟೆ 54 ನಿಮಿಷ. ಸರಾಸರಿ ವೇಗ ಗಂಟೆಗೆ ಸುಮಾರು 31 ಕಿ.ಮೀ. ಸ್ಯಾಂಡ್‌ಸ್ಟಾರ್ಮ್ 7 ಗಂಟೆ 5 ನಿಮಿಷ. ಆ ಟ್ರೇಲರ್‌ನಲ್ಲಿ ನಿಗದಿಯಾದ ಅವಧಿಗೂ ಇದಕ್ಕೂ ಕೆಲವೇ ನಿಮಿಷಗಳ ವ್ಯತ್ಯಾಸ. ಹೈಲ್ಯಾಂಡರ್ 7 ಗಂಟೆ 14 ನಿಮಿಷ. ಕ್ಯಾಟ್-5 ನಾಲ್ಕನೆಯದಾಗಿ ಬಂತು. ಟೆರಾಮ್ಯಾಕ್ಸ್ ಎಂಬ ಭಾರಿ ಟ್ರಕ್ಕು ಮಾರನೆಯ ದಿನ ಗುರಿ ಮುಟ್ಟಿತು. 'ಕಲಿಕೆ ಗೆದ್ದಿತು, ಬಾಯಿಪಾಠ ಸೋತಿತು' ಎಂದು ಹಲವರು ಬರೆದರು. ತರಗತಿಯಲ್ಲಿ ಹೇಳಲು ಸೊಗಸಾದ ಮಾತು. ನಾನೂ ಹೇಳಿದ್ದೇನೆ. ಆದರೆ ಆ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

ಮೊದಲನೆಯದಾಗಿ, ಗೆದ್ದ ವಾಹನದಲ್ಲೂ ಯಾರೂ ಕಾಣದ ದೋಷವಿತ್ತು. ಸುಮಾರು 35ರಿಂದ 56 ಕಿ.ಮೀ. ನಡುವೆ ಸ್ಟ್ಯಾನ್ಲಿಯ ಲೇಸರ್ ಮಾಹಿತಿ ಹಲವು ಬಾರಿ ತಡವಾಗಿ ಬಂತು, ಕೆಲವೊಮ್ಮೆ ಒಂದು ಸೆಕೆಂಡಿನಷ್ಟು. ಸೆಕೆಂಡಿಗೆ ಹತ್ತು ಮೀಟರ್ ಹೋಗುವ ವಾಹನಕ್ಕೆ ಅದು ಹತ್ತು ಮೀಟರ್ ಕುರುಡು. ಇಲ್ಲದ ಅಡಚಣೆ ಕಂಡು ಅದು ದಾರಿಯಿಂದ ಪಕ್ಕಕ್ಕೆ ಎಳೆಯಿತು. ಅಲ್ಲಿ ನೆಲ ಸಮತಟ್ಟಾಗಿತ್ತು, ಬಚಾವಾಯಿತು. ಕೊನೆಯಲ್ಲಿದ್ದ ಬಿಯರ್ ಬಾಟಲ್ ಪಾಸ್ ಎಂಬ ಕಡಿದಾದ ಕಣಿವೆದಾರಿಯಲ್ಲಿ ಹಾಗಾಗಿದ್ದರೆ?

ಎರಡನೆಯದು ಹೈಲ್ಯಾಂಡರ್ ಕಥೆ. ಮುಂದಿದ್ದ ಅದು ಏರುಗಳಲ್ಲಿ ಶಕ್ತಿ ಕಳೆದುಕೊಂಡಿತು. ಒಮ್ಮೆ ನಿಂತು ಹಿಂದಕ್ಕೂ ಉರುಳಿತು. ಸುಮಾರು 163ನೆಯ ಕಿ.ಮೀ.ನಲ್ಲಿ ಅದನ್ನು ತಡೆಹಿಡಿದು ಸ್ಟ್ಯಾನ್ಲಿಗೆ ದಾರಿ ಕೊಡಲಾಯಿತು. ಇಂಜಿನ್‌ಗೆ ಏನಾಗಿತ್ತೆಂಬುದು ಆಗ ತಿಳಿಯಲಿಲ್ಲ. ಪ್ರಯೋಗಶಾಲೆಯಲ್ಲಿ ಸಡಿಲ ಬೆಸುಗೆಯೊಂದರ ಪತ್ತೆಗೆ ಇಡೀ ಮಧ್ಯಾಹ್ನ ಕಳೆದು, ಕಡೆಗೆ ವಿದ್ಯಾರ್ಥಿಯ ಲೆಕ್ಕವೇ ತಪ್ಪೆಂದು ಗದರಿದ ಅನುಭವ ನನಗಿದೆ. ಆ ತಂಡದವರ ಗೊಂದಲ ನನಗೆ ಅರ್ಥವಾಗುತ್ತದೆ.

ವರ್ಷಗಳು ಕಳೆದವು. 2007ರ ನಗರ ಓಟದಲ್ಲಿ ಕಾರ್ನೆಗಿ ಮೆಲನ್ ಗೆದ್ದಿತು, ಸ್ಟ್ಯಾನ್‌ಫರ್ಡ್ ಎರಡನೆಯದಾಯಿತು. 2009ರಲ್ಲಿ ಗೂಗಲ್ ಚಾಲಕರಹಿತ ಕಾರಿನ ಯೋಜನೆ ಆರಂಭಿಸಿದಾಗ ಥ್ರುನ್ ಮತ್ತು ಅರ್ಮ್‌ಸನ್ ಒಂದೇ ತಂಡದಲ್ಲಿದ್ದರು. 2017ರಲ್ಲಿ ಹಳೆಯ ಗೆಳೆಯರು ಕಾರ್ನೆಗಿ ಮೆಲನ್‌ನಲ್ಲಿ ಮತ್ತೆ ಸೇರಿ ಹೈಲ್ಯಾಂಡರ್ ಇಂಜಿನನ್ನು ಚಾಲೂ ಮಾಡಿದರು. ಇಂಜಿನ್ ನಿಯಂತ್ರಕಕ್ಕೂ ಇಂಧನ ಇಂಜೆಕ್ಟರುಗಳಿಗೂ ನಡುವೆ ಒಂದು ಪುಟ್ಟ ವಿದ್ಯುತ್ ಫಿಲ್ಟರ್ ಇದೆ. ಅದರ ಮೇಲೆ ಅಕಸ್ಮಾತ್ತಾಗಿ ಒತ್ತಡ ಬಿತ್ತು. ಇಂಜಿನ್ ಸೊರಗಿತು. ಮತ್ತೆ ಒತ್ತಿ ನೋಡಿದರು, ಮತ್ತೆ ಸೊರಗಿತು. ಹನ್ನೆರಡು ವರ್ಷಗಳ ಹಿಂದೆ, ಆ ಸೆಪ್ಟೆಂಬರ್‌ನಲ್ಲಿ ವಾಹನ ಮಗುಚಿದಾಗಲೇ ಅದಕ್ಕೆ ಪೆಟ್ಟಾಗಿರಬೇಕು ಎಂಬುದು ಊಹೆ.