ಸಿ. ಆರ್. ರಾವ್ ಅಂಕಿ ಅಂಶ ಕಲಿತ ಬಗೆ

ಪದವಿ ಮುಗಿಸಿ ದತ್ತಾಂಶ ವಿಶ್ಲೇಷಣೆಯ ಕೆಲಸ ಹುಡುಕುತ್ತಿರುವವರು ನಿಮ್ಮ ತರಗತಿಗಳಲ್ಲೂ ಇದ್ದಾರು. ಯಾವ ತಂತ್ರಾಂಶ ಕಲಿಯಬೇಕು ಎಂಬುದೇ ಅವರ ಮೊದಲ ಪ್ರಶ್ನೆ. ತಂತ್ರಾಂಶವೇ ಇಲ್ಲದಿದ್ದಾಗ ಈ ವಿದ್ಯೆಯನ್ನು ಹೇಗೆ ಕಲಿಯುತ್ತಿದ್ದರು ಎಂದು ಯೋಚಿಸಿದ್ದೀರಾ? ಸಿ. ಆರ್. ರಾವ್ ಅವರ ಆರಂಭದ ದಿನಗಳನ್ನು ನೋಡಿ.

ಕಲ್ಯಂಪುಡಿ ರಾಧಾಕೃಷ್ಣ ರಾವ್ ಜನಿಸಿದ್ದು 1920ರ ಸೆಪ್ಟೆಂಬರ್ 10ರಂದು, ಹೂವಿನ ಹಡಗಲಿಯಲ್ಲಿ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಊರು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮನೆಮಾತು ತೆಲುಗು. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಎಂ.ಎ. ಪಡೆದರೂ ಮುಂದಿನ ದಾರಿ ಸುಲಭವಾಗಲಿಲ್ಲ. ಸಂಶೋಧನಾ ವೇತನದ ಅರ್ಜಿ ತಡವಾಯಿತೆಂದು ತಿರಸ್ಕೃತವಾಯಿತು. ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ಸರ್ವೆ ಘಟಕದಲ್ಲಿ ಗಣಿತಜ್ಞನ ಹುದ್ದೆಯ ಸಂದರ್ಶನಕ್ಕೆ ಕಲ್ಕತ್ತೆಗೆ ಹೋದರು. ಅದೂ ಕೈಗೂಡಲಿಲ್ಲ.

ಅಲ್ಲಿ ತಂಗಿದ್ದ ಹೋಟೆಲಿನಲ್ಲಿ ಮುಂಬಯಿಯಿಂದ ತರಬೇತಿಗೆಂದು ಬಂದಿದ್ದ ಒಬ್ಬರ ಪರಿಚಯವಾಯಿತು. ತರಬೇತಿ ನಡೆಯುತ್ತಿದ್ದುದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ. ಭೌತವಿಜ್ಞಾನದ ಪ್ರಾಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ ರಾವ್ 1941ರ ಜನವರಿ 1ರಂದು ಸೇರಿದರು. ದೇಶದಲ್ಲಿ ಆಗ ಸಂಖ್ಯಾಶಾಸ್ತ್ರದ ಎಂ.ಎ. ಇನ್ನೂ ಇರಲಿಲ್ಲ, ಕಲ್ಕತ್ತ ವಿಶ್ವವಿದ್ಯಾಲಯ ಅದನ್ನು ತೆರೆದದ್ದು ಅದೇ ವರ್ಷದ ಮಧ್ಯಭಾಗದಲ್ಲಿ. ಕೆಲಸವಿಲ್ಲದ ಯುವಕನೊಬ್ಬ ಹೆಸರೇ ಕೇಳದ ವಿದ್ಯೆಗೆ ಮತ್ತೊಂದು ವರ್ಷ ಕೊಡುವುದು ಸಣ್ಣ ಜೂಜೇನಲ್ಲ.

ಅಂದು 'ಕಂಪ್ಯೂಟರ್' ಎಂದರೆ ಲೆಕ್ಕ ಮಾಡುವ ಉದ್ಯೋಗಿ. ಆತನ ಮುಂದಿದ್ದುದು ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರ. ಇಂಥ ಕೆಲಸದಲ್ಲಿ ಸೂತ್ರ ತಿಳಿದಿದ್ದರಷ್ಟೇ ಸಾಲದು, ತಪ್ಪು ಹಿಡಿಯಲೂ ಬರಬೇಕು. ನೀವೇ ಮಾಡಿ ನೋಡಿ. ಐವರ ಎತ್ತರ ಸೆಂಟಿಮೀಟರಿನಲ್ಲಿ 162, 165, 158, 171, 164 ಎಂದುಕೊಳ್ಳಿ. ಮೊತ್ತ 820, ಸರಾಸರಿ 164. ಇದನ್ನೇ 160ರಿಂದ ಇರುವ ವ್ಯತ್ಯಾಸಗಳ ಮೂಲಕ ಕಂಡುಹಿಡಿಯಿರಿ: 2, 5, –2, 11, 4. ಮೊತ್ತ 20, ಸರಾಸರಿ 4; ಅದನ್ನು 160ಕ್ಕೆ ಕೂಡಿದರೆ ಮತ್ತೆ 164. ಎರಡು ದಾರಿಗಳೂ ಒಂದೇ ಕಡೆ ಸೇರಿದವು. ಈಗ ನಕಲು ಮಾಡುವಾಗ 164 ಎಂಬುದು 146 ಆಯಿತೆನ್ನಿ. ಮೊತ್ತ 802ಕ್ಕೆ, ಸರಾಸರಿ 160.4ಕ್ಕೆ ಇಳಿಯುತ್ತದೆ. ಎರಡು ಮೊತ್ತಗಳ ಅಂತರ 18, ಅಂದರೆ 9ರ ಅಪವರ್ತ್ಯ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ಅಂತರ ಯಾವಾಗಲೂ ಹೀಗೆಯೇ ಬರುತ್ತದೆ. ಹಳೆಯ ಲೆಕ್ಕಿಗರಿಗೆ ಇದು ಚೆನ್ನಾಗಿ ಗೊತ್ತಿತ್ತು; ಇಂದಿನ ಪಠ್ಯಗಳು ಇದನ್ನು ಕೈಬಿಟ್ಟದ್ದು ನಷ್ಟವೇ ಸರಿ.

ಮಹಲನೋಬಿಸ್ ಅವರದು ಇದೇ ಸಂಶಯದ ದೃಷ್ಟಿ. 1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವಾಗ ಅವರು ಪ್ರದೇಶದ ಎರಡು ಬೇರೆ ಬೇರೆ ಮಾದರಿಗಳನ್ನು ಎರಡು ತಂಡಗಳಿಗೆ ವಹಿಸಿದರು. ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದು. ಎರಡರ ಅಂದಾಜು ತೀರ ದೂರವಾದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಹಿಂದೆ ರಿಸ್ಲಿ ಪ್ರಕಟಿಸಿದ್ದ ಬಂಗಾಳದ ಜನರ ದೇಹಮಾಪನಗಳನ್ನು ಪರಿಷ್ಕರಿಸುವುದಕ್ಕೇ ಅವರು ಪ್ರತ್ಯೇಕ ಪ್ರಬಂಧ ಬರೆದರು.

ರಾವ್ 1943ರಲ್ಲಿ ಎಂ.ಎ. ಮುಗಿಸಿ ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತರು, ಪಾಠವನ್ನೂ ಹೇಳಿದರು. ಒಂದು ದಿನ ತರಗತಿಯಲ್ಲಿ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್ ಕೇಳಿದರು: ಬಹಳ ದೊಡ್ಡ ಮಾದರಿಗಳಿಗೆ ಫಿಷರ್ ಕೊಟ್ಟಿರುವ ಮಿತಿಯಂಥದ್ದು ಸಣ್ಣ ಮಾದರಿಗಳಿಗೂ ಇದೆಯೇ? ರಾವ್ ಅಂದು ರಾತ್ರಿಯೇ ಕುಳಿತು ಸಾಧಿಸಿ, ಮರುದಿನ ತರಗತಿಗೆ ತೋರಿಸಿದರು. 1945ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಕ್ರಾಮರ್–ರಾವ್ ಮಿತಿ. ಅಂದಾಜು ಎಷ್ಟು ನಿಖರವಾಗಬಲ್ಲುದು ಎಂಬುದಕ್ಕೆ ಅದು ಗಡಿ ಹಾಕುತ್ತದೆ.

1946ರಲ್ಲಿ ಮಹಲನೋಬಿಸ್ ಅವರನ್ನು ಕೇಂಬ್ರಿಜ್‌ಗೆ ಕಳುಹಿಸಿದರು. ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದಿದ್ದ ಪುರಾತನ ಅಸ್ಥಿಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದವು. ಅವುಗಳನ್ನು ಅಳೆದು ವಿಶ್ಲೇಷಿಸಬೇಕಿತ್ತು. ಜೊತೆಯಲ್ಲೇ ರಾವ್ ಫಿಷರರ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್.ಡಿ. ಪಡೆದರು. ಅಸ್ಥಿಗಳ ಆ ವರದಿ ಪುಸ್ತಕವಾಗಿ ಹೊರಬಂದದ್ದು 1955ರಲ್ಲಿ.