ಕಾರಿನ ರೇಡಿಯೇಟರ್ ಫ್ಯಾನ್ ಕಂಟ್ರೋಲರ್: ಇತಿಹಾಸ ಮತ್ತು ವಯರಿಂಗ್

ರೇಡಿಯೇಟರ್ ಫ್ಯಾನ್ ಕಂಟ್ರೋಲರ್ ಎಂಬುದು ಎಂಜಿನಿನ ನೀರು ಗೊತ್ತುಪಡಿಸಿದಷ್ಟು ಕಾದಾಗ ವಿದ್ಯುತ್ ಫ್ಯಾನನ್ನು ತಾನಾಗಿ ಚಾಲೂ ಮಾಡಿ, ತಣಿದ ಮೇಲೆ ನಿಲ್ಲಿಸುವ ಸಾಧನ. ಇಂದಿನ ಕಾರುಗಳಲ್ಲಿ ಈ ಕೆಲಸ ಎಂಜಿನ್ ಕಂಪ್ಯೂಟರಿನದು. ಎಂಜಿನಿನ ಬೆಲ್ಟಿನಿಂದಲೇ ಫ್ಯಾನು ತಿರುಗುವ ಹಳೆಯ ಜೀಪುಗಳಿಗೂ ಮೂಲ ಸ್ವಿಚ್ ಕೆಟ್ಟ ಕಾರುಗಳಿಗೂ ಇದನ್ನು ಹೊರಗಿನಿಂದ ತಂದು ಜೋಡಿಸುತ್ತಾರೆ. ಇದರ ಇತಿಹಾಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಎಂಜಿನಿನ ವೇಗಕ್ಕೆ ಕಟ್ಟುಬಿದ್ದಿದ್ದ ಫ್ಯಾನು ಅಲ್ಲಿಂದ ಬಿಡಿಸಿಕೊಂಡು ನೀರಿನ ಬಿಸಿಗೆ ಮಣಿಯತೊಡಗಿದ್ದು. ಈ ಬಿಡುಗಡೆ ಏಕೆ ಬೇಕಾಯಿತು ಎಂಬುದಕ್ಕೆ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ರಸ್ತೆಗಳು ಒಳ್ಳೆಯ ನಿದರ್ಶನ.

ಹಿನ್ನೆಲೆ

ಎಂಜಿನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಶಾಖವಾಗಿ ತಂಪಿಸುವ ನೀರಿಗೆ ಸೇರುತ್ತದೆ. ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಬೇಕಿತ್ತು. ವಿಲ್‌ಹೆಲ್ಮ್ ಮೈಬಾಕ್ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡಿಸ್ 1901ರಲ್ಲಿ ಬೀದಿಗಿಳಿದಾಗ ಸಾವಿರಾರು ಸಣ್ಣ ಕೊಳವೆಗಳ ಜೇನುಹುಟ್ಟಿನ ಮಾದರಿಯ ರೇಡಿಯೇಟರ್ ಬಂತು. ಸುತ್ತಿ ಬರುವ ನೀರು ಚೆನ್ನಾಗಿ ತಣಿಯುವಂತಾಯಿತು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನ್ ತಿರುಗಿಸುವ ಬೆಲ್ಟೇ ಫ್ಯಾನನ್ನೂ ತಿರುಗಿಸುತ್ತಿತ್ತು. ಮುಂದೆ ಅರ್ಧ ಶತಮಾನ ಇದೇ ಏರ್ಪಾಡು ನಡೆಯಿತು.

ಇದರ ಜೊತೆಗೆ ಬಂದ ಇನ್ನೆರಡು ಭಾಗಗಳನ್ನು ಫ್ಯಾನಿನಿಂದ ಬೇರೆಯಾಗಿ ಅರಿಯಬೇಕು. ಥರ್ಮೋಸ್ಟಾಟ್ ವಾಲ್ವ್ ಒಳಗಿನ ಮೇಣ ಕರಗಿ ಹಿಗ್ಗಿದಾಗ ತೆರೆದುಕೊಳ್ಳುತ್ತದೆ. ನೀರು ರೇಡಿಯೇಟರಿಗೆ ಹೋಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಅದು. ಒತ್ತಡದ ಮುಚ್ಚಳ ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟು ನೀರಿನ ಕುದಿಬಿಂದುವನ್ನು 100 ಡಿಗ್ರಿಯಿಂದ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಮುಚ್ಚಳದ ರಬ್ಬರು ಸವೆದ ಗಾಡಿಗೆ ಒಳ್ಳೆಯ ಫ್ಯಾನು ಹಾಕಿದರೂ ನೀರು ಬೇಗ ಕುದಿಯಬಹುದು.

ಬೆಲ್ಟ್ ಫ್ಯಾನಿನ ಕೊರತೆ

ಬೆಲ್ಟ್ ಫ್ಯಾನಿಗೆ ಎಂಜಿನಿನ ವೇಗ ಗೊತ್ತು, ಬಿಸಿ ಗೊತ್ತಿಲ್ಲ. ಹೆದ್ದಾರಿಯಲ್ಲಿ ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಫ್ಯಾನು ಬೇಡದಿದ್ದರೂ ಆಗಲೇ ಜೋರಾಗಿ ತಿರುಗುತ್ತದೆ. ಫ್ಯಾನಿನ ವೇಗ ಎರಡರಷ್ಟಾದರೆ ಅದು ಹೀರುವ ಶಕ್ತಿ ಎಂಟರಷ್ಟಾಗುವುದರಿಂದ ಈ ವ್ಯರ್ಥ ಸಣ್ಣದಲ್ಲ. ಭಾರ ಹೊತ್ತು ಕೆಳಗಿನ ಗೇರಿನಲ್ಲಿ ಏರು ಹತ್ತಿದ ಗಾಡಿ ಎದುರಿನ ಲಾರಿಗೆ ದಾರಿ ಬಿಡಲು ನಿಂತಾಗ ಎದುರುಗಾಳಿ ಇರುವುದಿಲ್ಲ, ಎಂಜಿನ್ ಐಡಲಿಗೆ (ಕನಿಷ್ಠ ವೇಗಕ್ಕೆ) ಇಳಿದಿರುತ್ತದೆ, ಫ್ಯಾನು ಸುಮ್ಮನೆ ಅಲ್ಲಾಡುತ್ತದೆ. ನೀರು ಕಾಯುವುದು ಆಗಲೇ.

ಮೊದಲ ಪರಿಹಾರವಾಗಿ ಬಂದದ್ದು ಸಿಲಿಕಾನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್. ರೇಡಿಯೇಟರಿನ ಗಾಳಿ ಬಿಸಿಯಾದಾಗ ಮಾತ್ರ ಅದು ಫ್ಯಾನನ್ನು ಹಿಡಿದು ತಿರುಗಿಸುತ್ತದೆ. ಇದರಿಂದ ಹೆದ್ದಾರಿಯ ವ್ಯರ್ಥ ಕಡಿಮೆಯಾಯಿತಾದರೂ ಐಡಲಿನ ಬಡತನ ಉಳಿಯಿತು.

ವಿದ್ಯುತ್ ಫ್ಯಾನಿನ ಆಗಮನ

ಮೋಟಾರಿನ ಫ್ಯಾನು ಮೊದಲೇ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಡೈನಮೊದಲ್ಲಿದೆ. ಹಳೆಯ ಡೈನಮೊ ಐಡಲಿನಲ್ಲಿ ದೀಪಕ್ಕೇ ಸಾಲದಷ್ಟು ಕರೆಂಟು ಕೊಡುತ್ತಿತ್ತು. ಫ್ಯಾನು ಬೇಕಾಗುವುದೋ ಅದೇ ಐಡಲಿನಲ್ಲಿ. 1960ರ ಕ್ರೈಸ್ಲರ್ ವ್ಯಾಲಿಯಂಟ್ ಕಾರಿನೊಂದಿಗೆ, ಐಡಲಿನಲ್ಲೂ ಸಾಕಷ್ಟು ಕರೆಂಟು ಕೊಡುವ ಆಲ್ಟರ್ನೇಟರ್ ದೊಡ್ಡ ಪ್ರಮಾಣದ ತಯಾರಿಕೆಗೆ ಬಂದ ಮೇಲೆ ದಾರಿ ತೆರೆಯಿತು. 1961ರ ಜಾಗ್ವಾರ್ ಇ-ಟೈಪ್ ಇನ್ನೂ ಡೈನಮೊ ಇದ್ದಾಗಲೇ ಥರ್ಮೋ ಸ್ವಿಚ್ಚಿನ ವಿದ್ಯುತ್ ಫ್ಯಾನು ಹೊತ್ತು ಬಂದಿತ್ತು. ಕಾಯುವ ಗಾಡಿ ಎಂಬ ಹೆಸರನ್ನೂ ಪಡೆಯಿತು.

ಎರಡನೆಯ ಕಾರಣ ಎಂಜಿನಿನ ದಿಕ್ಕು. 1959ರ ಮಿನಿ ಕಾರು ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೆ ಶಕ್ತಿ ಕೊಟ್ಟಿತು. ಅದರ ರೇಡಿಯೇಟರ್ ಪಕ್ಕಕ್ಕೆ ಸರಿದಿತ್ತು. 1969ರ ಫಿಯಟ್ 128 ರೇಡಿಯೇಟರನ್ನು ಮತ್ತೆ ಮುಂದಕ್ಕೆ ತಂದಿತು. ಅಡ್ಡ ಎಂಜಿನಿನಿಂದ ಅಲ್ಲಿಗೆ ಬೆಲ್ಟು ನೇರವಾಗಿ ತಲುಪದ ಕಾರಣ ವಿದ್ಯುತ್ ಫ್ಯಾನು ಅನಿವಾರ್ಯವಾಯಿತು. ಮುಂದಿನ ಸಣ್ಣ ಕಾರುಗಳೆಲ್ಲ ಬಹುಪಾಲು ಇದೇ ಜಾಡು ಹಿಡಿದವು.

ಭಾರತದಲ್ಲಿ ಅಂಬಾಸಿಡರ್, ಫಿಯಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿ, ಮಹೀಂದ್ರಾ ಜೀಪು ಮೂರೂ ಬೆಲ್ಟ್ ಫ್ಯಾನಿನವು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರವಾದಾಗ ಅಡ್ಡ ಎಂಜಿನ್, ಥರ್ಮೋ ಸ್ವಿಚ್ಚಿನ ಫ್ಯಾನು ಎರಡೂ ಸಾಮಾನ್ಯ ಮನೆಯ ಬಾಗಿಲಿಗೆ ಬಂದವು. ಮರುವರ್ಷ ಮಾರುತಿ ವ್ಯಾನ್, 1985ರಲ್ಲಿ ಜಿಪ್ಸಿ ಬಂದವು. ಉದ್ದುದ್ದಕ್ಕೆ ಕೂರಿಸಿದ ಎಂಜಿನಿನ ಜಿಪ್ಸಿ ಮಾತ್ರ ಎಂಜಿನಿನಿಂದಲೇ ತಿರುಗುವ ಫ್ಯಾನನ್ನು ಉಳಿಸಿಕೊಂಡಿತು. ಕಾಡುದಾರಿಯ ಚಾಲಕರು ಹೊರಗಿನ ವಿದ್ಯುತ್ ಫ್ಯಾನು ಹುಡುಕಲು ಇದೂ ಒಂದು ಕಾರಣ.

ಕಂಟ್ರೋಲರಿನ ತಲೆಮಾರುಗಳು

ಮೊದಲನೆಯದು ರೇಡಿಯೇಟರಿಗೆ ತಿರುಪಿ ಕೂರಿಸುವ ಥರ್ಮೋ ಸ್ವಿಚ್. ಒಳಗಿನ ಜೋಡಿಲೋಹದ ಬಿಲ್ಲೆ ಬಿಸಿಗೆ ಬಾಗಿ ಸರ್ಕ್ಯೂಟ್ ಮುಚ್ಚುತ್ತದೆ. ಅದರ ತಾಪ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಎರಡನೆಯದು ತಾಮ್ರದ ಸಪೂರ ನಳಿಗೆಯ ತುದಿಯಲ್ಲಿ ಬಲ್ಬು ಇರುವ, ಗುಂಡಿ ತಿರುಗಿಸಿ ತಾಪ ಹೊಂದಿಸಬಹುದಾದ ಮಾದರಿ. ಬ್ರಿಟನ್ನಿನ ಕೆನ್‌ಲೋ, ಆಸ್ಟ್ರೇಲಿಯಾದ ಡೇವಿಸ್ ಕ್ರೇಗ್ ಕಂಪನಿಗಳು ಬೆಲ್ಟ್ ಫ್ಯಾನು ತೆಗೆದು ಹಾಕುವ ಕಿಟ್‌ಗಳಿಗೆ ಹೆಸರಾದವು. ಮೂರನೆಯದು ಬಿಸಿ ಅಳೆಯುವ ಥರ್ಮಿಸ್ಟರ್ ಇರುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ನಾಲ್ಕನೆಯದು ಕರೆಂಟನ್ನು ಸೆಕೆಂಡಿಗೆ ಅನೇಕ ಸಲ ಕಡಿದು ಕಡಿದು ಕೊಟ್ಟು ಫ್ಯಾನಿನ ವೇಗವನ್ನೇ ಬೇಕಾದಷ್ಟಕ್ಕೆ ಹೊಂದಿಸುವ ಮಾದರಿ.

ವಯರಿಂಗ್

ಹೊರಗಿನ ಕಂಟ್ರೋಲರಿನ ವಯರಿಂಗಿನಲ್ಲಿ ಎರಡು ದಾರಿಗಳಿವೆ: ದೊಡ್ಡ ಕರೆಂಟಿನದು ಒಂದು, ಅದಕ್ಕೆ ಅಪ್ಪಣೆ ಕೊಡುವ ಸಣ್ಣ ಕರೆಂಟಿನದು ಇನ್ನೊಂದು. ಇವೆರಡನ್ನೂ ಬೇರ್ಪಡಿಸುವುದು ರಿಲೇ. ಜರ್ಮನಿಯ ಡಿಐಎನ್ 72552 ಮಾನಕದ ಸಂಖ್ಯೆಗಳು ಇಲ್ಲಿನ ರಿಲೇಗಳ ಮೇಲೂ ಅಚ್ಚಾಗಿರುತ್ತವೆ. 30ಕ್ಕೆ ಬ್ಯಾಟರಿಯ ಪಾಸಿಟಿವ್, 87ಕ್ಕೆ ಫ್ಯಾನಿನ ವಯರ್, 85 ಮತ್ತು 86 ಒಳಗಿನ ಕಾಯಿಲಿನ ಎರಡು ತುದಿ. ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್. ಕಾರಿನ ಫ್ಯಾನು ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದಕ್ಕಿಂತ ಹಲವು ಪಟ್ಟು.

ಕಾಯಿಲಿನ ಪಾಸಿಟಿವ್ ತುದಿಯನ್ನು ಇಗ್ನಿಷನ್ನಿಗೆ ಕೊಟ್ಟರೆ ಕೀಲಿ ತೆಗೆದಾಗ ಫ್ಯಾನು ನಿಲ್ಲುತ್ತದೆ, ಬ್ಯಾಟರಿ ಇಳಿಯುವುದಿಲ್ಲ. ನೇರ ಬ್ಯಾಟರಿಗೆ ಕೊಟ್ಟರೆ ಎಂಜಿನ್ ನಿಂತ ಮೇಲೂ ನೀರು ತಣಿಯುವ ತನಕ ತಿರುಗುತ್ತದೆ. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಇಡುವುದು ನಿಯಮ. ಅಲ್ಲಿಂದ ಮುಂದೆ ಎಲ್ಲಿ ವಯರ್ ಉಜ್ಜಿ ಬಾಡಿಗೆ ತಗುಲಿದರೂ ಬೆಂಕಿಗೆ ಮೊದಲು ಫ್ಯೂಸ್ ಹಾರಬೇಕು. ಎ.ಸಿ. ಇರುವ ಕಾರಿನಲ್ಲಿ ಕಂಪ್ರೆಸರ್ ಚಾಲೂ ಆದೊಡನೆ ಫ್ಯಾನೂ ತಿರುಗುವಂತೆ ಇನ್ನೊಂದು ಅಪ್ಪಣೆಯ ವಯರನ್ನು ಡಯೋಡ್ ಮೂಲಕ ಸೇರಿಸುತ್ತಾರೆ.

ವಯರಿನ ದಪ್ಪವನ್ನು ಲೆಕ್ಕ ಹಾಕಿಯೇ ಆರಿಸಬೇಕು. ಮೂರು ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ವಯರಿನಲ್ಲಿ 20 ಆಂಪಿಯರ್ ಹರಿದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ಕರಗಿ, 20 ವ್ಯಾಟ್ ಶಾಖವಾಗಿ ವಯರನ್ನು ಕಾಯಿಸುತ್ತದೆ. ಅದೇ ವಯರ್ 4 ಚದರ ಮಿಲಿಮೀಟರ್ ಆಗಿದ್ದರೆ ನಷ್ಟ ಕಾಲು ವೋಲ್ಟಿನಷ್ಟೇ. ಬಣ್ಣ ಬಳಿದ ತಗಡಿಗೆ ಬೋಲ್ಟು ಬಿಗಿದು ಕೊಟ್ಟ ಅರ್ಥ್ ಇಂಥದೇ ನಷ್ಟ ತರುತ್ತದೆ.

ಸೆನ್ಸರಿನ ಜಾಗ, ತಾಪದ ಹೊಂದಾಣಿಕೆ ಎರಡೂ ಥರ್ಮೋಸ್ಟಾಟಿಗೆ ತಕ್ಕಂತೆ ಇರಬೇಕು. 88 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಗಾಡಿಯಲ್ಲಿ, ಬಿಸಿನೀರು ಬರುವ ಮೇಲಿನ ಹೋಸಿನ ಸೆನ್ಸರಿಗೆ 85 ಡಿಗ್ರಿ ಹೊಂದಿಸಿದರೆ ಫ್ಯಾನು ನಿಲ್ಲುವ ಸಂದರ್ಭವೇ ಬರುವುದಿಲ್ಲ. ಕೆಳಗಿನ ಹೋಸಿನಲ್ಲಿ ಕೂರಿಸಿದರೆ ಅದು ತಣಿದ ನೀರನ್ನು ಅಳೆಯುವುದರಿಂದ ತಾಪ ಕಡಿಮೆ ಇಡಬೇಕು. ಚಾಲೂ ಆಗುವ ತಾಪಕ್ಕೂ ನಿಲ್ಲುವ ತಾಪಕ್ಕೂ ಸುಮಾರು 5 ಡಿಗ್ರಿ ಅಂತರ ಇರದಿದ್ದರೆ ರಿಲೇ ಟಿಕ್ ಟಿಕ್ ಎನ್ನುತ್ತ ತನ್ನ ಕಾಂಟ್ಯಾಕ್ಟುಗಳನ್ನೇ ಸುಟ್ಟುಕೊಳ್ಳುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ

ಈ ಸೀಮೆಗೆ ಭಾರಿ ವಾಹನಗಳನ್ನು ತಂದದ್ದು ಕಾಡಿನ ಮರ, ಕಾಗದ ಮತ್ತು ಕಾಳಿ ನದಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಗಿ ದಾಂಡೇಲಿಯ ಬಂಗೂರ್‌ನಗರದಲ್ಲಿ ಬೆಳೆಯಿತು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಪಟ್ಟಣ ಮುಳುಗಿ ಜೋಯಿಡಾ ತಾಲೂಕು ಕೇಂದ್ರವಾಯಿತು. ಮರದ ಲಾರಿ, ಬಿದಿರಿನ ಲಾರಿ, ಅಣೆಕಟ್ಟಿನ ಸಾಮಾನಿನ ಲಾರಿಗಳೆಲ್ಲ ಬೆಲ್ಟ್ ಫ್ಯಾನಿನ ಕಾಲದವು. ಕದ್ರಾದಿಂದ ಏರುವ ಅಣಶಿ ಘಟ್ಟ, ಗೋವೆಗೆ ಇಳಿಯುವ ಅನಮೋಡ ಘಟ್ಟ ಎರಡೂ ಗಾಡಿಯನ್ನು ಕೆಳಗಿನ ಗೇರಿಗೆ ತರುವ ದಾರಿಗಳು. ಏರಿನಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ತಣಿಯುವ ತನಕ ಕಾದು ನೀರು ಹಾಕುವುದು ಬೆಲ್ಟ್ ಫ್ಯಾನಿನ ಕಾಲದ ಘಟ್ಟದ ಚಾಲಕರ ದಿನಚರಿಯಾಗಿತ್ತು.

ಪರಿಸ್ಥಿತಿ ತಾಲೂಕಿನಿಂದ ತಾಲೂಕಿಗೆ ಬೇರೆ. ದಾಂಡೇಲಿ ಮತ್ತು ಜೋಯಿಡಾದ ಕಾಡು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಪಡೆದಿದೆ. ಸಫಾರಿ ಜೀಪು ಇಲ್ಲಿ ನಡೆಯುವ ವೇಗದಲ್ಲಿ ಸಾಗಿ, ಪ್ರಾಣಿ ಕಂಡಲ್ಲಿ ನಿಲ್ಲುತ್ತದೆ. ಬೆಲ್ಟ್ ಫ್ಯಾನಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಹಳ್ಳ ದಾಟುವಾಗ ತಿರುಗುವ ಫ್ಯಾನಿನ ರೆಕ್ಕೆ ನೀರಿಗೆ ಬಡಿದು ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳಬಲ್ಲದು. ಹೀಗಾಗಿ ಇಂಥ ಗಾಡಿಗಳ ಕಂಟ್ರೋಲರಿಗೆ ಡ್ಯಾಶ್‌ಬೋರ್ಡಿನಲ್ಲಿ ಮೂರು ನೆಲೆಯ ಸ್ವಿಚ್ ಉಪಯುಕ್ತ: ತಾನಾಗಿ, ಸದಾ ಚಾಲೂ, ಪೂರ್ತಿ ಬಂದ್. ಜೋಯಿಡಾದ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲೊಂದು. ಆ ತೇವದಲ್ಲಿ ಬರಿದೇ ಸುತ್ತಿ ಟೇಪು ಹಚ್ಚಿದ ಜೋಡಣೆ ಹಸಿರುಗಟ್ಟುತ್ತದೆ. ಬೆಸುಗೆ, ಹೀಟ್ ಶ್ರಿಂಕ್ ಕೊಳವೆ, ನೀರು ನುಗ್ಗದ ಕನೆಕ್ಟರ್ ಇಲ್ಲಿ ಬೇಕೇ ಬೇಕು.

ಹಳಿಯಾಳದ ಬಯಲಿನಲ್ಲಿ ಕಬ್ಬಿನ ಹಂಗಾಮು ಬಂದರೆ ಸಕ್ಕರೆ ಕಾರ್ಖಾನೆಯ ಕಡೆ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ತೆವಳುವ ಕಾರಿಗೆ ಎದುರುಗಾಳಿ ಸಿಗುವುದಿಲ್ಲ. ಧೂಳು, ಒಣ ರವದಿಯ ಚೂರು ರೇಡಿಯೇಟರಿನ ಸಂದಿಗಳಲ್ಲಿ ಕೂರುತ್ತವೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ಕ್ಯಾಂಪ್ ಮತ್ತು ಅಲ್ಲಿನ ಡ್ರೆಪುಂಗ್, ಗಾಡೆನ್ ಮಠಗಳಿಂದ ಹುಬ್ಬಳ್ಳಿಯ ಕಡೆ ಬಾಡಿಗೆ ಗಾಡಿಗಳ ಓಡಾಟ ಬೆಳೆಯಿತು. ಸಮತಟ್ಟಾದ ಈ ದಾರಿಯಲ್ಲಿ ಘಟ್ಟದ ಭಾರ ಇಲ್ಲ; ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಎ.ಸಿ. ಹಾಕಿ ನಿಲ್ಲುವಾಗ ಮಾತ್ರ ಫ್ಯಾನಿನ ಪರೀಕ್ಷೆ.

ಗ್ಯಾರೇಜಿನ ರೂಢಿಗಳು

ಸ್ವಿಚ್ ಕೆಟ್ಟಾಗ ಕರ್ನಾಟಕದ ಗ್ಯಾರೇಜುಗಳಲ್ಲಿ ಬಹುಕಾಲ ನಡೆದುಬಂದ ಸುಲಭ ಉಪಾಯ ಫ್ಯಾನನ್ನು ಡೈರೆಕ್ಟ್ ಮಾಡುವುದು, ಅಂದರೆ ಕೀಲಿ ತಿರುಗಿಸಿದರೆ ಸಾಕು, ಫ್ಯಾನು ಓಡುತ್ತಲೇ ಇರುತ್ತದೆ. ಗಾಡಿ ಮನೆಗೆ ತಲುಪಲು ಇದು ಒಳ್ಳೆಯದೇ. ಹಾಗೇ ಬಿಟ್ಟರೆ ಮೋಟಾರಿನ ಬ್ರಷ್ ಬೇಗ ಸವೆಯುತ್ತದೆ, ಆಲ್ಟರ್ನೇಟರಿಗೆ ಸದಾ ಹೊರೆ, ಫ್ಯಾನು ನಿಂತುಹೋದದ್ದೂ ಚಾಲಕನಿಗೆ ತಿಳಿಯದೆ ಹೆಡ್ ಗ್ಯಾಸ್ಕೆಟ್ ಸುಡಬಹುದು. ಸೆಕೆ ನಾಡೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕುವುದು ಇನ್ನೊಂದು ರೂಢಿ. ಆಗ ಎಂಜಿನ್ ಬಿಸಿಯೇರಲು ತಡವಾಗಿ ಇಂಧನ ಹೆಚ್ಚು ಸುಡುತ್ತದೆ, ಕಂಟ್ರೋಲರಿನ ತಾಪದ ಲೆಕ್ಕವೂ ತಪ್ಪುತ್ತದೆ.

ಇಂದಿನ ಸ್ಥಿತಿ

ಫ್ಯುಯಲ್ ಇಂಜೆಕ್ಷನ್ ಬಂದ ಮೇಲೆ ಫ್ಯಾನಿನ ಅಪ್ಪಣೆ ಕಂಪ್ಯೂಟರಿಗೆ ಹೋಯಿತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಗಾಡಿಗಳಲ್ಲಿ ನೀರಿನ ತಾಪ, ಹೊಗೆಯ ಶುದ್ಧಿ, ಎ.ಸಿ.ಯ ಒತ್ತಡ ಎಲ್ಲವೂ ಒಂದೇ ಲೆಕ್ಕದಲ್ಲಿ ಸೇರಿರುವುದರಿಂದ ಮೂಲ ವಯರ್ ಕತ್ತರಿಸಿ ಹೊರಗಿನ ಪೆಟ್ಟಿಗೆ ಕೂರಿಸಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು, ವಾರಂಟಿಯೂ ತಕರಾರಿಗೆ ಸಿಲುಕುತ್ತದೆ. ಅಂಥ ಗಾಡಿಯಲ್ಲಿ ದೋಷ ಹುಡುಕಬೇಕಾದ್ದು ಸ್ಕ್ಯಾನರ್ ಹಾಕಿ. ಹೊರಗಿನ ಕಂಟ್ರೋಲರಿಗೆ ಉಳಿದಿರುವ ಕ್ಷೇತ್ರ ಕಂಪ್ಯೂಟರ್ ಇಲ್ಲದ ಹಳೆಯ ಜೀಪು, ಕಾರ್ಬುರೇಟರ್ ಜಿಪ್ಸಿ, ಎಂಜಿನ್ ಬದಲಿಸಿದ ಗಾಡಿಗಳು. ಬಿಸಿ ಅಳೆದು ಫ್ಯಾನು ತಿರುಗಿಸುವ ತತ್ವ ಮಾತ್ರ ಎಂಜಿನ್ ಇಲ್ಲದ ವಿದ್ಯುತ್ ಕಾರುಗಳಲ್ಲೂ ಮುಂದುವರಿದಿದೆ. ಅಲ್ಲಿ ಅದು ಕಾಯುವುದು ಬ್ಯಾಟರಿಯ ತಾಪವನ್ನು.