ದುರಸ್ತಿಯಿಲ್ಲದ ಬಾಡಿಗೆ ಕಟ್ಟಡಗಳಲ್ಲಿ ವಾಸಿಸುವವರಿಗೆ ಲಭ್ಯವಿರುವ ಕಾನೂನು ಪರಿಹಾರಗಳು

ಸಾರ್ವಜನಿಕರ ಮಾಹಿತಿಗಾಗಿ

ಸೋರುವ ತಾರಸಿ, ಕಳಚಿ ಬೀಳುವ ಸಜ್ಜಾ, ಕಟ್ಟಿಕೊಂಡ ಒಳಚರಂಡಿ, ಬಿರುಕು ಬಿಟ್ಟ ಗೋಡೆ ಮುಂತಾದ ನ್ಯೂನತೆಗಳನ್ನು ಮಾಲೀಕರು ಸರಿಪಡಿಸದೇ ಇರುವ ಮನೆ, ವಠಾರ ಹಾಗೂ ಅಂಗಡಿಗಳ ಬಾಡಿಗೆದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ನ್ಯೂನತೆಗೆ ಯಾವ ಪ್ರಾಧಿಕಾರದ ಮುಂದೆ ಹೋಗಬೇಕೆಂಬುದು ಸ್ಪಷ್ಟವಿಲ್ಲದ ಕಾರಣ ಅನೇಕ ಅರ್ಜಿಗಳು ಸಂಬಂಧವಿಲ್ಲದ ಕಚೇರಿಗಳಲ್ಲಿ ಕಾಲಹರಣವಾಗುತ್ತವೆ. ಆದುದರಿಂದ ಅರ್ಜಿ ಬರೆಯುವ ಮೊದಲು ಈ ಕೆಳಕಂಡ ವಿಷಯಗಳನ್ನು ಗಮನಿಸುವುದು.

ತಮಗೆ ಅನ್ವಯಿಸುವ ಕಾನೂನು ಯಾವುದು?

ಬಾಡಿಗೆದಾರರೆಲ್ಲರಿಗೂ ಬಾಡಿಗೆ ಕಾನೂನಿನ ರಕ್ಷಣೆ ಇದೆಯೆಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. 1961ರ ಬಾಡಿಗೆ ನಿಯಂತ್ರಣ ಅಧಿನಿಯಮದ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ದಿನಾಂಕ 31-12-2001ರಿಂದ ಜಾರಿಯಲ್ಲಿದೆ. ಇದು ಅನುಸೂಚಿತ ನಗರ ಪ್ರದೇಶಗಳಿಗೆ ಸೀಮಿತವಾಗಿದ್ದು, ಮೊದಲನೇ ಅನುಸೂಚಿಯ ಎ ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ ರೂ. 3,500ಕ್ಕಿಂತ ಹೆಚ್ಚು ಹಾಗೂ ಇತರೆ ಪ್ರದೇಶಗಳಲ್ಲಿ ರೂ. 2,000ಕ್ಕಿಂತ ಹೆಚ್ಚು ಬಾಡಿಗೆಯಿರುವ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳು ಮಾತ್ರ ಇದರ ವ್ಯಾಪ್ತಿಗೆ ಬರುತ್ತವೆ. ಇಂದಿನ ಬಾಡಿಗೆ ದರಗಳನ್ನು ಗಮನಿಸಿದಲ್ಲಿ, ದಶಕಗಳಿಂದ ಅದೇ ಮನೆಯಲ್ಲಿರುವ ಹಳೆಯ ಬಾಡಿಗೆದಾರರನ್ನು ಬಿಟ್ಟರೆ ನಗರದ ಬಹುತೇಕ ಕುಟುಂಬಗಳು ಸದರಿ ಅಧಿನಿಯಮದ ಹೊರಗೇ ಉಳಿಯುತ್ತವೆ.

ಅಧಿನಿಯಮದ ವ್ಯಾಪ್ತಿಯೊಳಗಿರುವವರ ವಿಷಯದಲ್ಲಿ, ಕಟ್ಟಡವನ್ನು ವಾಸಯೋಗ್ಯ ಸ್ಥಿತಿಯಲ್ಲಿ ಇಡುವ ಹೊಣೆ ಮಾಲೀಕರದು. ನ್ಯಾಯವಾದ ಕಾರಣವಿಲ್ಲದೆ ನೀರು, ವಿದ್ಯುತ್ ಮೊದಲಾದ ಅವಶ್ಯಕ ಸೌಲಭ್ಯಗಳನ್ನು ಕಡಿತಗೊಳಿಸುವಂತಿಲ್ಲ. ಇಂತಹ ದೂರುಗಳನ್ನು ಅಧಿನಿಯಮದಡಿ ನೇಮಕಗೊಂಡ ನಿಯಂತ್ರಕರಿಗೆ ಸಲ್ಲಿಸತಕ್ಕದ್ದು.

ಉಳಿದವರಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಹಾಗೂ ತಾವು ಸಹಿ ಮಾಡಿದ ಕರಾರು ಪತ್ರವೇ ಆಧಾರ. ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯನ್ನು ಉಲ್ಲೇಖಿಸಿ, ಎರಡು ತಿಂಗಳಿಗೆ ಮೀರಿದ ಮುಂಗಡ ಹಣ ಹಿಂದಿರುಗಿಸಬೇಕೆಂದು ಕೋರುವವರಿದ್ದಾರೆ. ಅದು ರಾಜ್ಯಗಳಿಗೆ ಮಾದರಿ ಮಾತ್ರ. ರಾಜ್ಯವು ಶಾಸನ ಮಾಡದ ಹೊರತು ತಾನಾಗಿ ಅನ್ವಯಿಸುವುದಿಲ್ಲ.

ದುರಸ್ತಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆ?

1882ರ ಅಧಿನಿಯಮದ 108ನೇ ಪ್ರಕರಣದ (ಎಫ್) ಖಂಡದ ಪ್ರಕಾರ, ಮಾಲೀಕರು ಮಾಡಲು ಬದ್ಧರಾಗಿರುವ ದುರಸ್ತಿಯನ್ನು ನೋಟೀಸು ನೀಡಿದ ನಂತರವೂ ಸಮಂಜಸ ಅವಧಿಯಲ್ಲಿ ಮಾಡದಿದ್ದಲ್ಲಿ, ಬಾಡಿಗೆದಾರರು ತಾವೇ ಮಾಡಿಸಿ ವೆಚ್ಚವನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಬಹುದು ಅಥವಾ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು.

ಇಲ್ಲಿ ‘ಬದ್ಧರಾಗಿರುವ’ ಎಂಬ ಪದ ಮುಖ್ಯ. ಯಾವ ದುರಸ್ತಿ ಯಾರ ಹೊಣೆ ಎಂಬುದನ್ನು ಈ ಖಂಡ ಹೇಳುವುದಿಲ್ಲ. ಅದನ್ನು ಕರಾರು ಪತ್ರದಲ್ಲಿ ನೋಡಬೇಕು. ಹನ್ನೊಂದು ತಿಂಗಳ ಸಿದ್ಧ ನಮೂನೆಯ ಕರಾರುಗಳಲ್ಲಿ ಸುಣ್ಣಬಣ್ಣದ ಹಣವನ್ನು ಮುಂಗಡದಿಂದ ಮುರಿದುಕೊಳ್ಳುವ ಷರತ್ತು ತಪ್ಪದೇ ಇರುತ್ತದೆ, ತಾರಸಿ ಸೋರಿದರೆ ಯಾರು ಸರಿಪಡಿಸಬೇಕೆಂಬ ಮಾತು ಇರುವುದಿಲ್ಲ. ತಾರಸಿ, ಗೋಡೆ, ಕೊಳವೆ ಮಾರ್ಗ, ಸಂಪು ಹಾಗೂ ಒಳಚರಂಡಿಯ ದುರಸ್ತಿ ಮಾಲೀಕರದು ಎಂಬ ಒಂದು ಸಾಲನ್ನು ಕರಾರು ನವೀಕರಣದ ಸಂದರ್ಭದಲ್ಲಿ ಸೇರಿಸಿಕೊಂಡಲ್ಲಿ ಮುಂದಿನ ವ್ಯಾಜ್ಯದ ಅರ್ಧಭಾಗ ಅಲ್ಲಿಯೇ ಮುಗಿಯುತ್ತದೆ.

ವೆಚ್ಚ ಮಾಡುವ ಮುನ್ನ ಲಿಖಿತ ನೋಟೀಸು ಕಡ್ಡಾಯವೆಂದೇ ತಿಳಿಯುವುದು. ನ್ಯೂನತೆಯ ವಿವರ, ಅದು ಕಂಡುಬಂದ ದಿನಾಂಕ, ದುರಸ್ತಿಗೆ ನೀಡುವ ಕಾಲಾವಕಾಶ ಹಾಗೂ ಅಂದಾಜು ವೆಚ್ಚವನ್ನು ನಮೂದಿಸಿ, ವಿತರಣೆಯ ದಾಖಲೆ ದೊರೆಯುವಂತೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ದೂರವಾಣಿಯಲ್ಲಿ ಹೇಳಿದ್ದೇನೆ ಎಂಬುದು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಕಾಮಗಾರಿಗೆ ಮುನ್ನ ಹಾಗೂ ನಂತರದ ಛಾಯಾಚಿತ್ರಗಳು, ಸಾಮಗ್ರಿಯ ಬಿಲ್ಲು, ಗಾರೆ ಕೆಲಸದವರಿಗೆ ಕೊಟ್ಟ ಕೂಲಿಯ ರಸೀದಿ ಇವುಗಳನ್ನು ಜೋಡಿಸಿ ಲೆಕ್ಕಪಟ್ಟಿಯನ್ನು ಮಾಲೀಕರಿಗೆ ಕಳುಹಿಸಬೇಕು. ಉದಾಹರಣೆಗೆ, ಬಾಡಿಗೆ ರೂ. 12,000 ಹಾಗೂ ದುರಸ್ತಿ ವೆಚ್ಚ ರೂ. 18,000 ಇದ್ದಲ್ಲಿ, ಒಂದೂವರೆ ತಿಂಗಳು ಏನನ್ನೂ ಪಾವತಿಸದೆ ಇರುವುದಕ್ಕಿಂತ ಆರು ತಿಂಗಳ ಕಾಲ ತಲಾ ರೂ. 3,000 ಕಳೆದು ರೂ. 9,000ದಂತೆ ಬ್ಯಾಂಕ್ ಮೂಲಕ ಪಾವತಿಸುವುದು ಸುರಕ್ಷಿತ. ಪ್ರತಿ ತಿಂಗಳೂ ಪಾವತಿಯಾದ ದಾಖಲೆ ಉಳಿಯುತ್ತದೆ.

ಮಾಲೀಕರು ದುರಸ್ತಿ ಮಾಡಲಿಲ್ಲವೆಂದು ಬಾಡಿಗೆಯನ್ನೇ ನಿಲ್ಲಿಸಬಾರದು. ಬಾಡಿಗೆ ಬಾಕಿಯು ತೆರವಿಗೆ ಕಾರಣವಾಗುತ್ತದೆ. ನ್ಯಾಯ ಬಾಡಿಗೆದಾರರ ಕಡೆಗಿದ್ದ ಪ್ರಕರಣವೂ ಇದರಿಂದ ಕೆಡುತ್ತದೆ.

ಮನೆಯನ್ನು ಭೋಗ್ಯಕ್ಕೆ ಪಡೆದವರಿಗೆ ಕಳೆಯಲು ಬಾಡಿಗೆಯೇ ಇರುವುದಿಲ್ಲ. ಅವರು ಸಿವಿಲ್ ದಾವೆಯ ಮೂಲಕ ವೆಚ್ಚ ವಸೂಲು ಮಾಡಬೇಕಾಗುತ್ತದೆ. ಪತ್ರದ ಒಕ್ಕಣೆಯನ್ನು ಅವಲಂಬಿಸಿ ಅದು ಗುತ್ತಿಗೆಯೋ ಅಡಮಾನವೋ ಎಂಬ ಪ್ರಶ್ನೆ ಏಳುವುದರಿಂದ ಮೂಲ ಪತ್ರವನ್ನು ವಕೀಲರಿಗೆ ತೋರಿಸುವುದು ಒಳಿತು. ವೆಚ್ಚ ದೊಡ್ಡದಾಗಿದ್ದು ಬಾಡಿಗೆದಾರರಿಂದ ಭರಿಸಲಾಗದಿದ್ದಲ್ಲಿ, ದುರಸ್ತಿ ಮಾಡುವಂತೆ ಮಾಲೀಕರಿಗೆ ನಿರ್ದೇಶಿಸುವ ಕಡ್ಡಾಯ ನಿರ್ದೇಶನಾಜ್ಞೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಕೋರಬಹುದು.

ಕಟ್ಟಡ ಕುಸಿಯುವ ಸ್ಥಿತಿಯಲ್ಲಿದ್ದಲ್ಲಿ

ಇದು ದಾವೆ ಹೂಡಿ ಕಾಯುವ ವಿಷಯವಲ್ಲ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ವಾಸವಿದ್ದ ಹಳೆಯ ಬಹುಮಹಡಿ ಕಟ್ಟಡ ಕುಸಿಯಿತು. ನಿವಾಸಿಗಳು ಅದಕ್ಕೆ ಮುನ್ನವೇ ಹೊರಬಂದಿದ್ದರಿಂದ ಪ್ರಾಣಹಾನಿ ಸಂಭವಿಸಲಿಲ್ಲ. ಕಂಬದಲ್ಲಿ ಹೊಸ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಗಾರೆ ಉದುರಿ ಕಂಬಿ ಕಾಣುವುದು ಇಂತಹ ಲಕ್ಷಣಗಳಿದ್ದಲ್ಲಿ ಮೊದಲು ಮನೆಯವರನ್ನು ಹೊರಗೆ ಕರೆತಂದು 112ಕ್ಕೆ ಕರೆ ಮಾಡತಕ್ಕದ್ದು.

ಅಪಾಯಕಾರಿ ಕಟ್ಟಡವನ್ನು ದುರಸ್ತಿಗೊಳಿಸಲು, ಆಧಾರ ಕೊಡಲು ಅಥವಾ ಕೆಡವಲು ಮಾಲೀಕರಿಗೆ ಆದೇಶಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಆಯುಕ್ತರಿಗೆ, ನಗರಸಭೆ ಮತ್ತು ಪುರಸಭೆ ವ್ಯಾಪ್ತಿಯಲ್ಲಿ ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿಗೆ ಅರ್ಜಿ ಸಲ್ಲಿಸತಕ್ಕದ್ದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ ಕಟ್ಟಡವು ಯಾವ ಪಾಲಿಕೆಗೆ ಸೇರಿದೆಯೆಂಬುದನ್ನು ಖಚಿತಪಡಿಸಿಕೊಳ್ಳುವುದು. ಅರ್ಜಿಗೆ ಸ್ವೀಕೃತಿ ಪಡೆಯುವುದು. ಪರಿಶೀಲನಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು; ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ಒದಗಿಸಬೇಕೆಂದು ಅದರ 7ನೇ ಪ್ರಕರಣ ಹೇಳುತ್ತದೆ.

ಇನ್ನೊಂದು ಮಾರ್ಗವಿದೆ, ಅದನ್ನು ಬಳಸುವವರು ಕಡಿಮೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಪ್ರಕರಣದಡಿ, ಬಿದ್ದು ಜನರಿಗೆ ಹಾನಿಯುಂಟುಮಾಡುವ ಸಂಭವವಿರುವ ಕಟ್ಟಡವನ್ನು ದುರಸ್ತಿ ಮಾಡಲು, ಆಧಾರ ನೀಡಲು ಅಥವಾ ತೆಗೆಯಲು ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗೀಯ ದಂಡಾಧಿಕಾರಿಯವರು ಷರತ್ತುಬದ್ಧ ಆದೇಶ ಹೊರಡಿಸಬಹುದು. 2024ರ ಜುಲೈ 1ಕ್ಕೆ ಮುನ್ನ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಪ್ರಕರಣವಾಗಿತ್ತು. ಬಾಡಿಗೆ ಅಧಿನಿಯಮದ ಮಿತಿಗಳು ಇದಕ್ಕಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಕಟ್ಟಡಗಳಿಗೂ ಅನ್ವಯಿಸುತ್ತದೆ.

ಕಟ್ಟಡ ಕೆಡವಿದರೆ ಬಾಡಿಗೆ ಹಕ್ಕು ಹೋಗುವುದೆ?

ಅನೇಕ ಹಳೆಯ ಬಾಡಿಗೆದಾರರು ದೂರು ನೀಡಲು ಹಿಂಜರಿಯುವುದು ಇದೇ ಭಯದಿಂದ. ಪಾಲಿಕೆಯವರು ಬಂದು ಅಪಾಯಕಾರಿಯೆಂದು ಬರೆದರೆ ಮನೆ ಖಾಲಿ ಮಾಡಬೇಕು, ಮತ್ತೆ ಒಳಗೆ ಬಿಡುವುದಿಲ್ಲ ಎಂದುಕೊಂಡು ಸೋರುವ ಸೂರಿನ ಕೆಳಗೇ ದಿನ ದೂಡುತ್ತಾರೆ. ಕಡಿಮೆ ಬಾಡಿಗೆಯ ಹಳೆಯ ಕಟ್ಟಡಗಳಲ್ಲಿ, ದುರಸ್ತಿ ಮಾಡದೆ ಬಿಟ್ಟರೆ ಬಾಡಿಗೆದಾರರು ತಾವಾಗಿಯೇ ಹೋಗುತ್ತಾರೆಂದು ಕಾಯುವ ಮಾಲೀಕರೂ ಇಲ್ಲದಿಲ್ಲ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಹ ರತನ್ಸಿ ಖಿಮ್ಜಿ ಪ್ರಕರಣದಲ್ಲಿ 2014ರಲ್ಲಿ ತೀರ್ಪು ನೀಡಿದೆ. ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ನಗರಪಾಲಿಕೆಯು ಬಾಡಿಗೆ ಕಟ್ಟಡವನ್ನು ಕೆಡವಿದ ಪ್ರಸಂಗವದು. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆ ಸಂಬಂಧ ಅಂತ್ಯವಾಗುವುದಿಲ್ಲವೆಂದು ಮೂವರು ನ್ಯಾಯಮೂರ್ತಿಗಳ ಪೀಠವು ಹೇಳಿ, ಇದಕ್ಕೆ ವ್ಯತಿರಿಕ್ತವಾಗಿದ್ದ ಹಿಂದಿನ ತೀರ್ಪನ್ನು ರದ್ದುಪಡಿಸಿತು. 108ನೇ ಪ್ರಕರಣದ (ಇ) ಖಂಡದ ಪ್ರಕಾರವೂ, ಬೆಂಕಿ, ಬಿರುಗಾಳಿ, ಪ್ರವಾಹ ಮುಂತಾದವುಗಳಿಂದ ಸ್ವತ್ತು ನಾಶವಾದಾಗ ಗುತ್ತಿಗೆಯನ್ನು ಮುಗಿಸುವ ಆಯ್ಕೆ ಬಾಡಿಗೆದಾರರದೇ.

ಹೀಗಾಗಿ ಜೀವರಕ್ಷಣೆಗಾಗಿ ಮನೆಯಿಂದ ಹೊರಬರುವುದೂ, ಬಾಡಿಗೆ ಹಕ್ಕನ್ನು ಬಿಟ್ಟುಕೊಡುವುದೂ ಒಂದೇ ಅಲ್ಲ. ಆದರೆ ಹೊರಬರುವಾಗ ಮಾಲೀಕರು ಮುಂದಿಡುವ ಕಾಗದಕ್ಕೆ ಓದದೆ ಸಹಿ ಮಾಡಬಾರದು. ಮುಂಗಡ ವಾಪಸು ಪಡೆದು ಸ್ವಾಧೀನ ಒಪ್ಪಿಸಿದ್ದೇನೆ ಎಂಬ ಒಕ್ಕಣೆ ಇದ್ದಲ್ಲಿ ಹಕ್ಕು ಅಲ್ಲಿಗೆ ಮುಗಿಯಬಹುದು. ಪಾಲಿಕೆಯ ಆದೇಶದ ಮೇರೆಗೆ ತಾತ್ಕಾಲಿಕವಾಗಿ ತೆರವು ಮಾಡುತ್ತಿರುವುದಾಗಿಯೂ, ಬಾಡಿಗೆ ಹಕ್ಕನ್ನು ಉಳಿಸಿಕೊಂಡಿರುವುದಾಗಿಯೂ ಪತ್ರ ಬರೆದು ಮಾಲೀಕರಿಗೂ ಪಾಲಿಕೆಗೂ ಕಳುಹಿಸತಕ್ಕದ್ದು. ತಾವಿದ್ದ ಭಾಗದ ಅಳತೆ, ಛಾಯಾಚಿತ್ರ, ವಿದ್ಯುತ್ ಬಿಲ್ಲು ಹಾಗೂ ಬಾಡಿಗೆ ರಸೀದಿಗಳನ್ನು ಮೊದಲೇ ತೆಗೆದಿಡುವುದು. ಕಟ್ಟಡ ಹೋದ ಮೇಲೆ ಇವುಗಳೇ ಆಧಾರ. ಬಾಡಿಗೆ ಅಧಿನಿಯಮದ ವ್ಯಾಪ್ತಿಯಲ್ಲಿ ದುರಸ್ತಿಗಾಗಿ ತೆರವಿನ ಆದೇಶವಾಗುವ ಸಂದರ್ಭದಲ್ಲಿ ಮರುಪ್ರವೇಶದ ಕೋರಿಕೆಯನ್ನು ನ್ಯಾಯಾಲಯದ ಮುಂದೆ ಆಗಲೇ ದಾಖಲಿಸಬೇಕು.

ಬಲವಂತದಿಂದ ಹೊರಹಾಕಿದಲ್ಲಿ

ದುರಸ್ತಿ ಕೇಳಿದ್ದಕ್ಕಾಗಿ ಬೀಗ ಹಾಕಿದರೆ ಅಥವಾ ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದಡಿ ಸ್ವಾಧೀನ ಮರಳಿ ಪಡೆಯಲು ದಾವೆ ಹೂಡಬಹುದು. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ಹೂಡಬೇಕು; ನಂತರ ಈ ಪ್ರಕರಣದ ಪ್ರಯೋಜನವಿಲ್ಲ. ವಿದ್ಯುತ್ ಸಂಪರ್ಕದ ಬಗ್ಗೆ, ಮಾಲೀಕರಷ್ಟೇ ಅಲ್ಲದೆ ಕಟ್ಟಡದ ಅನುಭವದಾರರೂ ಅರ್ಜಿ ಸಲ್ಲಿಸಬಹುದೆಂದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 43ನೇ ಪ್ರಕರಣದಲ್ಲಿದೆ.

ವಕೀಲರ ನೆರವು

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಡಿ ಉಚಿತ ವಕೀಲರ ಸೇವೆಗೆ ಅರ್ಹರು. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸುವುದು. ಸಹಾಯವಾಣಿ ಸಂಖ್ಯೆ 15100. ಅರ್ಜಿಯೊಂದಿಗೆ ಕರಾರು ಪತ್ರದ ಪ್ರತಿ, ಬಾಡಿಗೆ ಪಾವತಿಯ ದಾಖಲೆ, ಮಾಲೀಕರಿಗೆ ಕಳುಹಿಸಿದ ನೋಟೀಸು ಹಾಗೂ ಸ್ಥಳೀಯ ಸಂಸ್ಥೆಯ ಸ್ವೀಕೃತಿಯನ್ನು ಲಗತ್ತಿಸತಕ್ಕದ್ದು. ಕರಾರು ಪತ್ರವಿಲ್ಲದವರು ಬ್ಯಾಂಕ್ ಪಾವತಿಯ ವಿವರ, ಅಡುಗೆ ಅನಿಲದ ಪುಸ್ತಕ ಅಥವಾ ಆ ವಿಳಾಸದ ಬೇರಾವುದೇ ದಾಖಲೆಯನ್ನು ತರಬಹುದು.